ಒಂದೇ ಧ್ವನಿವರ್ಧಕದ ಮುಂದೆ

ಅಮೆರಿಕದ ಸಂಗೀತವೆಂದೊಡನೆ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಕಿವಿಗಡಚಿಕ್ಕುವ ಡ್ರಮ್ಮು, ವಿದ್ಯುತ್ ಗಿಟಾರು, ಬಣ್ಣಬಣ್ಣದ ದೀಪಗಳು. ಆ ದೇಶದ ಹಳ್ಳಿಗಾಡಿನಲ್ಲಿ ಡ್ರಮ್ಮಿನ ಗೊಡವೆಯಿಲ್ಲದೆ, ನಾಲ್ಕೈದು ತಂತಿವಾದ್ಯಗಳಿಂದಲೇ ನಡೆಯುವ ಒಂದು ಸಂಗೀತವೂ ಇದೆ. ಅದರ ಹೆಸರು ಬ್ಲೂಗ್ರಾಸ್. 2023ರ ಜೂನ್ ತಿಂಗಳಿನಲ್ಲಿ, ಇಂಡಿಯಾನಾ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದಾಗ, ಅವಳ ಊರಿನ ಉದ್ಯಾನದಲ್ಲಿ ಅಂಥದೊಂದು ಬೇಸಿಗೆಯ ಕಛೇರಿಯನ್ನು ಕೇಳುವ ಅವಕಾಶ ನನಗೆ ದೊರೆಯಿತು. ಅದರ ಕುರಿತು ಬರೆಯಬೇಕೆಂದುಕೊಂಡು ಬಹಳ ದಿನಗಳಾದವು.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮೇಷ್ಟರ ಚಾಳಿ, ನೀವು ಸಹಿಸಿಕೊಳ್ಳಲೇಬೇಕು.

ಈ ಸಂಗೀತದ ಜನಕನೆಂದು ಹೆಸರಾದ ಬಿಲ್ ಮನ್ರೋ ಹುಟ್ಟಿದ್ದು 1911ರಲ್ಲಿ, ಕೆಂಟಕಿ ರಾಜ್ಯದ ರೋಸೀನ್ ಎಂಬ ಹಳ್ಳಿಯ ಬಳಿ. ಎಂಟು ಮಕ್ಕಳಲ್ಲಿ ಕೊನೆಯವನು. ಪಿಟೀಲು, ಗಿಟಾರುಗಳನ್ನು ಅಣ್ಣಂದಿರು ತೆಗೆದುಕೊಂಡಾಗಿತ್ತು. ಉಳಿದ ಮ್ಯಾಂಡೊಲಿನ್ ಕಿರಿಯವನ ಪಾಲಿಗೆ ಬಂತು. ಚಿಕ್ಕ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಪೆನ್ ವ್ಯಾಂಡಿವರ್ ಎಂಬ ಸೋದರಮಾವನ ಆಶ್ರಯ ಸೇರಿದನು. ಮಾವ ಪಿಟೀಲುಗಾರ. ಊರಿನ ಕುಣಿತದ ಕೂಟಗಳಲ್ಲಿ ಆತ ನುಡಿಸುತ್ತಿದ್ದರೆ ಹುಡುಗನು ಜೊತೆಯಲ್ಲಿ ಕುಳಿತು ಲಯ ಕೊಡುತ್ತಿದ್ದನು. ಅದೇ ಸೀಮೆಯ ಆರ್ನಲ್ಡ್ ಶುಲ್ಟ್ಸ್ ಎಂಬ ಕಪ್ಪು ಜನಾಂಗದ ಗಿಟಾರುವಾದಕನಿಂದಲೂ ಕಲಿತನು. ಮುಂದೆ ತನ್ನ ಮೇಳಕ್ಕೆ, ಕೆಂಟಕಿಯ ಅಡ್ಡಹೆಸರನ್ನೇ ಹಿಡಿದು, 'ಬ್ಲೂ ಗ್ರಾಸ್ ಬಾಯ್ಸ್' ಎಂದು ಹೆಸರಿಟ್ಟನು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ 21 ವರ್ಷದ ಯುವಕ ಆ ಮೇಳವನ್ನು ಸೇರಿ, ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಬ್ಯಾಂಜೋ ತಂತಿಗಳ ಮೇಲೆ ಸ್ವರಗಳ ಮಳೆ ಸುರಿಸಿದಾಗ ಈ ಸಂಗೀತಕ್ಕೆ ಇಂದಿನ ರೂಪ ಬಂತು. ಬ್ಯಾಂಜೋ ವಾದ್ಯದ ಮೂಲವಾದರೋ, ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕಾದ ಜನರ ಕೈಯಲ್ಲಿದೆ. ಮ್ಯಾಂಡೊಲಿನ್ ಇಟಲಿಯದು, ನಮಗೆ ಅದು ಯು. ಶ್ರೀನಿವಾಸರಿಂದಾಗಿ ಮನೆಮಾತಾಯಿತು.

ಇನ್ನು ಕಛೇರಿಯ ವಿಷಯ. ಆ ಸೀಮೆಯಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆಯ ಮೇಲೆ. ಜನರು ತಮ್ಮತಮ್ಮ ಮಡಚುವ ಕುರ್ಚಿಗಳನ್ನು ತಂದು ಹುಲ್ಲಿನ ಮೇಲೆ ಹಾಕಿಕೊಂಡಿದ್ದರು. ವೇದಿಕೆಯೆಂದರೆ ಮರದ ಒಂದು ಕಟ್ಟೆ. ಅದರ ನಡುವೆ ಒಂದೇ ಒಂದು ಧ್ವನಿವರ್ಧಕ. ಐದು ಮಂದಿ ಕಲಾವಿದರು ಅದರ ಸುತ್ತ ನಿಂತರು. ಪಿಟೀಲು ಹಿಡಿದವರಿಗೆ ಎಂಬತ್ತರ ಮೇಲೆ ವಯಸ್ಸು. ನಿಲುವುಬಾಸ್ ಎಂಬ ಆಳೆತ್ತರದ ವಾದ್ಯವನ್ನು ತಬ್ಬಿ ನಿಂತವರಿಗೂ ಎಪ್ಪತ್ತು ದಾಟಿರಬೇಕು. ಉಳಿದ ಮೂವರು ಇಪ್ಪತ್ತರ ಒಳಗಿನವರು. ಮ್ಯಾಂಡೊಲಿನ್ ನುಡಿಸುತ್ತಿದ್ದ ಹುಡುಗಿಗೆ ಹೆಚ್ಚೆಂದರೆ ಹದಿನಾರು.

ಈ ಸಂಗೀತದಲ್ಲಿ ಪ್ರತಿಯೊಬ್ಬರಿಗೂ ಒಂದು ಸರದಿಯುಂಟು. ಸರದಿ ಬಂದವರು ಧ್ವನಿವರ್ಧಕದ ಹತ್ತಿರಕ್ಕೆ ಒಂದು ಹೆಜ್ಜೆ ಮುಂದೆ ಬಂದು ತಮ್ಮ ಕೈಚಳಕವನ್ನು ತೋರಿಸುತ್ತಾರೆ. ಮುಗಿದೊಡನೆ ಹಿಂದೆ ಸರಿಯುತ್ತಾರೆ. ಹಿಂದೆ ಸರಿದವರು ಸುಮ್ಮನಿರುವುದಿಲ್ಲ. ಮ್ಯಾಂಡೊಲಿನ್ ಹಿಡಿದವರು ತಂತಿಗಳನ್ನು ಮೀಟಿದ ಕ್ಷಣವೇ ನಾದವನ್ನು ತಡೆದು, ಕೊಡಲಿಯಿಂದ ಕಡಿದಂಥ ಒಂದು ಚಿಕ್ಕ ಸದ್ದನ್ನು ತಾಳದ ಎದುರುಪೆಟ್ಟಿಗೆ ಕೊಡುತ್ತಾರೆ. ಡ್ರಮ್ಮಿನ ಕೆಲಸವನ್ನು ಮಾಡುವುದು ಅದೇ. ಬಾಸ್ ವಾದ್ಯದವರು ನೆಲಗಟ್ಟಿನಂತೆ ಮೂಲಸ್ವರಗಳನ್ನು ಹಾಕುತ್ತ ಹೋಗುತ್ತಾರೆ. ಯಾರೂ ಯಾರಿಗೂ ಡಿಕ್ಕಿ ಹೊಡೆಯದೆ ಮುಂದೆ ಬರುವ, ಹಿಂದೆ ಹೋಗುವ ಆ ನಡಿಗೆಯನ್ನು ನೋಡುವುದೇ ಒಂದು ಚೆಂದ.

ಮೂರನೆಯ ಹಾಡಿನಲ್ಲಿ ನಾನು ಒಂದನ್ನು ಗಮನಿಸಿದೆ. ಪಿಟೀಲಿನ ಸರದಿ ಬಂತು. ಹಿರಿಯರು ಮುಂದೆ ಬಂದು ಎರಡು ಸಾಲು ನುಡಿಸಿದರು. ಬೆರಳುಗಳು ಗಂಟು ಕಟ್ಟಿದ್ದುದು ನನ್ನ ಕುರ್ಚಿಯಿಂದಲೇ ಕಾಣುತ್ತಿತ್ತು. ಅರ್ಧದಲ್ಲಿ ಅವರು ಹುಡುಗಿಯ ಕಡೆಗೆ ತಲೆಯಾಡಿಸಿದರು. ಆಕೆ ಅದೇ ಸಾಲನ್ನು ಎತ್ತಿಕೊಂಡು ನುಡಿಸತೊಡಗಿದಳು. ವಯಸ್ಸಿನ ಹುರುಪು, ಗತಿ ಏರತೊಡಗಿತು. ಬ್ಯಾಂಜೋ ಹುಡುಗನೂ ಅವಳ ಬೆನ್ನು ಹತ್ತಿದನು. ಆಗ ಹಿಂದೆ ನಿಂತಿದ್ದ ಇಬ್ಬರು ಮುದುಕರೂ ಪರಸ್ಪರ ಮುಖ ನೋಡಿಕೊಂಡರು. ಬಾಸ್ ಸ್ವಲ್ಪ ಗಟ್ಟಿಯಾಯಿತು. ಪಿಟೀಲಿನವರು ಬಿಲ್ಲಿನ ಬುಡದಿಂದ ಗಿಡ್ಡ ಪೆಟ್ಟುಗಳನ್ನು ಹಾಕುತ್ತ ಅದಕ್ಕೆ ಕೂಡಿಕೊಂಡರು. ಗದರಿಕೆಯಿಲ್ಲ, ಕೈಸನ್ನೆಯಿಲ್ಲ, ಓಡುತ್ತಿದ್ದ ಮಕ್ಕಳು ತಾವಾಗಿ ತಾಳಕ್ಕೆ ಬಂದರು. ಜನ ಚಪ್ಪಾಳೆ ತಟ್ಟಿದ್ದು ಹುಡುಗಿಗೆ. ಹಿರಿಯರೂ ಬಿಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು.

ಈ ಪದ್ಧತಿ ಅಲ್ಲಿ ಹೊಸದೇನಲ್ಲ. 1960ರಲ್ಲಿ ಕೆಂಟಕಿಯ ಒಂದು ಊರಿನ ಕಾರ್ಯಕ್ರಮದಲ್ಲಿ ಬಿಲ್ ಮನ್ರೋ ಆರು ವರ್ಷದ ಹುಡುಗನೊಬ್ಬನನ್ನು ವೇದಿಕೆಗೆ ಕರೆದು, ತನ್ನ ಮ್ಯಾಂಡೊಲಿನ್ನನ್ನೇ ಅವನ ಕೊರಳಿಗೆ ಹಾಕಿ ನುಡಿಸಹೇಳಿದನು. ಆ ಹುಡುಗ, ಮುಂದೆ ಪ್ರಖ್ಯಾತನಾದ ರಿಕಿ ಸ್ಕ್ಯಾಗ್ಸ್. 1972ರಲ್ಲಿ ಲೆಸ್ಟರ್ ಫ್ಲ್ಯಾಟ್ ಎಂಬ ಹಿರಿಯ ಗಾಯಕ ತನ್ನ ಮೇಳಕ್ಕೆ ಸೇರಿಸಿಕೊಂಡ ಮಾರ್ಟಿ ಸ್ಟುವರ್ಟನಿಗೆ ಆಗ ಹದಿಮೂರು ವರ್ಷ. ನಮ್ಮ ಯಕ್ಷಗಾನದಲ್ಲೂ ಹೀಗೆಯೇ ಅಲ್ಲವೆ? ಮೇಳಕ್ಕೆ ಹೊಸದಾಗಿ ಬಂದ ಹುಡುಗರು ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲರಾಗಿ ಕುಣಿದು, ರಂಗಸ್ಥಳದ ಮೇಲೆಯೇ ಹೆಜ್ಜೆ ಕಲಿತವರು.

ನಾನು ಆ ಸಂಜೆಯನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನನ್ನ ಮನೆಯಾಕೆ 2021ರಲ್ಲಿ ತೀರಿಕೊಂಡದ್ದು ನಿಮಗೆಲ್ಲ ಗೊತ್ತು. "ಅಪ್ಪಾ, ಇನ್ನು ಇಲ್ಲೇ ಇದ್ದುಬಿಡು" ಎಂದು ಮಗಳು ಅಂದು ಒತ್ತಾಯಿಸುತ್ತಿದ್ದಳು. ಅವಳ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೊರಟುಹೋದ ಮೇಲೆ ಆ ದೊಡ್ಡ ಮನೆಯ ಕಿಟಕಿಯ ಬಳಿ ಕುಳಿತು, ಮೂವತ್ತಾರು ವರ್ಷ ಹಲಗೆಯ ಮುಂದೆ ನಿಂತವನು ಇನ್ನು ಯಾತಕ್ಕೆ ಬೇಕಾದವನು ಎಂದು ಯೋಚಿಸುತ್ತಿದ್ದೆ. ಊರಿಗೆ ಮರಳಿದರೂ ಅದೇ ಪ್ರಶ್ನೆ, ಇಲ್ಲಿದ್ದರೂ ಅದೇ ಪ್ರಶ್ನೆ. ಮುಂದೆ ನಿಂತು ಮಾಡುವ ಕೆಲಸ ಮುಗಿದರೆ ಮನುಷ್ಯನ ಕೆಲಸವೇ ಮುಗಿಯಿತೆಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಗಂಟುಗಟ್ಟಿದ ಬೆರಳುಗಳ ಆ ಹಿರಿಯರು ಅದನ್ನು ಸಡಿಲಿಸಿದರು. ಅವರು ವೇದಿಕೆಯನ್ನು ಬಿಟ್ಟಿರಲಿಲ್ಲ. ಒಂದು ಹೆಜ್ಜೆ ಹಿಂದೆ ನಿಂತಿದ್ದರು, ಅಷ್ಟೆ. ಆ ಹೆಜ್ಜೆಯ ಜಾಗದಲ್ಲಿ ಅವರಿಗೆ ಕೈತುಂಬ ಕೆಲಸವಿತ್ತು.

ಆಗಸ್ಟ್ ತಿಂಗಳಿನಲ್ಲಿ ನಾನು ಊರಿಗೆ ಹಿಂದಿರುಗಿದೆ. ಮಗಳು ವಿಮಾನ ನಿಲ್ದಾಣದಲ್ಲಿ ಅತ್ತಳು. ಪ್ರತಿ ಬೇಸಿಗೆಗೆ ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ, ದೇಹ ಒಪ್ಪುವಷ್ಟು ಕಾಲ.

ನಮ್ಮ ಊರಿನ ಶನಿವಾರದ ಗಮಕ ಕೂಟವು ಕೆಲವು ವರ್ಷ ನಿಂತುಹೋಗಿತ್ತು. ಈಗ ಮತ್ತೆ ಪ್ರಾರಂಭವಾಗಿದೆ. ಕುಮಾರವ್ಯಾಸನನ್ನು ವಾಚನ ಮಾಡುವವಳು ಹತ್ತನೆಯ ತರಗತಿಯ ಒಬ್ಬ ಹುಡುಗಿ. ವ್ಯಾಖ್ಯಾನ ಮಾಡುವವನು ನಿಮ್ಮಲ್ಲೇ ಒಬ್ಬ, ನನ್ನ ಹಳೆಯ ವಿದ್ಯಾರ್ಥಿ, ಈಗ ತಾನೂ ಮೇಷ್ಟರು. ಮೊದಲೆಲ್ಲ ಆ ಎರಡೂ ಕೆಲಸ ನನ್ನವಾಗಿದ್ದವು. ಮೇಲಿನ ಷಡ್ಜಕ್ಕೆ ಈಗ ನನ್ನ ಗಂಟಲು ಏರುವುದಿಲ್ಲ. ಆದುದರಿಂದ ಶ್ರುತಿಪೆಟ್ಟಿಗೆಯನ್ನು ಹಚ್ಚಿಟ್ಟುಕೊಂಡು ಅವರಿಬ್ಬರ ಹಿಂದೆ ಕುಳಿತಿರುತ್ತೇನೆ. ಹುಡುಗಿ ಅವಸರದಲ್ಲಿ ಪದವನ್ನು ತಪ್ಪಾಗಿ ಒಡೆದಾಗ, ಸರಿಯಾದ ವಿಂಗಡಣೆಯನ್ನು ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳುತ್ತೇನೆ.

ನಿಮ್ಮಲ್ಲಿ ಹಲವರು ನಿವೃತ್ತಿಯ ಅಂಚಿಗೆ ಬಂದಿದ್ದೀರಿ. ಕೆಲವರು ಬೆಂಗಳೂರು, ಅಮೆರಿಕಗಳಿಂದ ಇದನ್ನು ಓದುತ್ತಿದ್ದೀರಿ. ಊರ ಕಡೆ ಬಂದರೆ ಶನಿವಾರ ಸಂಜೆ ಐದೂವರೆಗೆ ಬನ್ನಿ. ಚಾಪೆಯ ಮೇಲೆ ಜಾಗವಿದೆ.