ಒಂದೇ ತಾಯಿ, ಒಂದೇ ತಂದೆ

ಶುಗರ್‌ಲ್ಯಾಂಡ್, ಹ್ಯೂಸ್ಟನ್

ಪ್ರೀತಿಯ ಪುಟ್ಟಿ,

ಡಲ್ಲಾಸಿನಲ್ಲೂ ಹೀಗೇ ಬಿಸಿಲಾ? ಇಲ್ಲಿ ಬೆಳಿಗ್ಗೆ ಎಂಟಕ್ಕೇ ಹೊರಗೆ ಕಾಲಿಡೋ ಹಾಗಿಲ್ಲ. ಹಿತ್ತಲಿನ ಕರಿಬೇವಿಗೆ ಮಾತ್ರ ಈ ಸೆಖೆ ಹಿಡಿಸಿಬಿಟ್ಟಿದೆ, ಚೆನ್ನಾಗಿ ಚಿಗುರಿದೆ. ಕನ್ನಡ ವೃಂದದ ಗಣೇಶನ ಹಬ್ಬಕ್ಕೆ ಪುಳಿಯೋಗರೆ ಗೊಜ್ಜು ನಮ್ಮನೆಯಿಂದ ಅಂತ ಅಪ್ಪ ಒಪ್ಪಿಕೊಂಡು ಬಂದಿದ್ದಾರೆ. ಒಪ್ಪಿಕೊಳ್ಳೋದು ಅವರು, ಕುದಿಸೋದು ನಾನು.

ಫೋನಿನಲ್ಲಿ ಮಾತು ತೆಗೆದರೆ "ಅಮ್ಮ, ಮೀಟಿಂಗ್ ಇದೆ" ಅಂತೀಯ. ಅದಕ್ಕೇ ಬರೀತಿದ್ದೀನಿ. ನೀನು ಕನ್ನಡ ಓದೋದು ನಿಧಾನ, ಗೊತ್ತು. ಎರಡು ದಿನ ಹಿಡಿದರೂ ಸರಿ, ಪೂರ್ತಿ ಓದು.

ಈಚೆಗೆ ನಾನು ಪರ್ಷಿಯಾದ ಸೈರಸ್ ಮಹಾರಾಜನ ಸಹವಾಸಕ್ಕೆ ಬಿದ್ದಿದ್ದೀನಿ. 2013ರ ಬೇಸಿಗೆಯಲ್ಲಿ ನಿನ್ನನ್ನೂ ನಿನ್ನ ತಮ್ಮನನ್ನೂ ಹ್ಯೂಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಮ್ಮಿಗೆ ಕರಕೊಂಡು ಹೋಗಿದ್ದು ನೆನಪಿದೆಯಾ? ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಸೈರಸ್ ಸಿಲಿಂಡರ್ ಬಂದಿತ್ತು. ವಾಷಿಂಗ್ಟನ್ ಮುಗಿಸಿ ನಮ್ಮೂರಿಗೆ, ಇಲ್ಲಿಂದ ನ್ಯೂಯಾರ್ಕಿಗೆ. ವರ್ಷದ ಕೊನೆಗೆ ಮುಂಬೈಗೂ ಹೋಯಿತು. ಅಷ್ಟು ಜನರ ಮಧ್ಯೆ ನುಗ್ಗಿ ನೋಡಿದರೆ ಏನು? 22.5 ಸೆಂಟಿಮೀಟರ್ ಉದ್ದದ ಸುಟ್ಟ ಮಣ್ಣು, ಮಕ್ಕಳ ಮೃದಂಗದ ಹಾಗೆ ನಡುವೆ ಉಬ್ಬಿದ್ದು, ಮೈತುಂಬ ಮೊಳೆಯಂಥ ಅಕ್ಷರ. ಅಪ್ಪಿ ಗಾಜಿಗೆ ಮೂಗು ಒತ್ತಿ "ಇಷ್ಟೇನಾ?" ಅಂದ. ನೀನು ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದೆ.

ಅದನ್ನ ಮಾನವ ಹಕ್ಕುಗಳ ಮೊದಲ ಶಾಸನ ಅಂತ ಹೊಗಳೋರಿದ್ದಾರೆ. ನನಗೆ ಅದು ಅತಿ ಅನ್ನಿಸುತ್ತೆ. ಕ್ರಿ.ಪೂ. 539ರಲ್ಲಿ ಬ್ಯಾಬಿಲೋನ್ ಗೆದ್ದ ಮೇಲೆ, ನಿಮ್ಮ ದೇವರು ಮರ್ದುಕನೇ ನನ್ನನ್ನ ಆರಿಸಿ ಕರೆಸಿಕೊಂಡ ಅಂತ ಸೈರಸ್ ಬರೆಸಿದ್ದು ಅದು. ಆ ನಾಡಿನ ರಾಜರು ಹಿಂದಿನಿಂದಲೂ ಹಾಗೇ ಬರೆಸುತ್ತಿದ್ದರು. ಅದರಲ್ಲಿ ಅವನು ತನ್ನ ಅಪ್ಪ ಕ್ಯಾಂಬಿಸಿಸ್, ಅಜ್ಜ ಇನ್ನೊಬ್ಬ ಸೈರಸ್, ಅವನ ಹಿಂದಿನ ಟೀಸ್ಪಿಸ್ ಎಲ್ಲರನ್ನೂ ಹೆಸರಿಸುತ್ತಾನೆ. ತಾಯಿಯ ಹೆಸರಿಲ್ಲ. ಆ ಹೆಸರು, ಮಂದಾನೆ ಅಂತ, ಗ್ರೀಕರ ಹೆರೊಡೋಟಸ್ ಹೇಳಬೇಕಾಯಿತು.

ಹೆರೊಡೋಟಸ್ ಹೇಳೋ ಕಥೆ ನಿನಗೆ ಗೊತ್ತಿರೋದೇ, ಹೆಸರುಗಳು ಬೇರೆ ಅಷ್ಟೆ. ಮಗಳ ಹೊಟ್ಟೆಯಿಂದ ದ್ರಾಕ್ಷಿ ಬಳ್ಳಿ ಹುಟ್ಟಿ ಏಷ್ಯಾವನ್ನೆಲ್ಲ ಮುಚ್ಚಿದ ಹಾಗೆ ಮೀಡಿಯಾದ ದೊರೆ ಅಸ್ತಿಯಾಜಿಸನಿಗೆ ಕನಸು ಬೀಳುತ್ತೆ. ಮೊಮ್ಮಗ ತನ್ನ ಪಟ್ಟಕ್ಕೆ ಕುತ್ತು ತರುತ್ತಾನೆ ಅಂತ ಹೆದರಿ, ಹುಟ್ಟಿದ ಕೂಸನ್ನ ಕೊಲ್ಲು ಅಂತ ಹಾರ್ಪಗಸ್ ಅನ್ನೋ ನಂಬಿಕಸ್ಥನಿಗೆ ಕೊಡುತ್ತಾನೆ. ಅವನಿಗೆ ಕೈ ಏಳಲ್ಲ, ದನಗಾಹಿಗೆ ದಾಟಿಸುತ್ತಾನೆ. ದನಗಾಹಿಯ ಹೆಂಡತಿಗೆ ಅದೇ ಹೊತ್ತಿಗೆ ಸತ್ತ ಮಗು ಹುಟ್ಟಿರುತ್ತೆ. ಅದನ್ನ ಕಾಡಿನಲ್ಲಿಟ್ಟು ಇದನ್ನ ಎದೆಗೆ ಹಾಕಿಕೊಳ್ಳುತ್ತಾಳೆ. ಸಾಕ್ಷಾತ್ ಕಂಸನ ಕಥೆ ಅಂತೀಯ. ನನಗಂತೂ ತೀರ್ಥಹಳ್ಳಿಯ ಅಜ್ಜ ಜೈಮಿನಿ ಭಾರತದಿಂದ ಓದಿ ಹೇಳುತ್ತಿದ್ದ ಚಂದ್ರಹಾಸನೇ ಕಣ್ಮುಂದೆ ಬಂದ. ಅಲ್ಲೂ ಕೊಲ್ಲೋಕೆ ಬಂದ ಕಟುಕರಿಗೆ ಕೂಸಿನ ಮುಖ ನೋಡಿ ಮನಸ್ಸು ಕರಗುತ್ತಲ್ಲ?

ಹತ್ತು ವರ್ಷದವನಿದ್ದಾಗ ಆಟದಲ್ಲಿ ರಾಜನಾಗಿ, ಮಾತು ಕೇಳದ ದೊಡ್ಡವರ ಮಗನಿಗೆ ಹೊಡೆಸಿ ಸೈರಸ್ ಸಿಕ್ಕಿಬೀಳುತ್ತಾನೆ. ಅಜ್ಜ ಅವನನ್ನ ಬಿಡುತ್ತಾನೆ, ಹಾರ್ಪಗಸನನ್ನ ಬಿಡಲ್ಲ. ಅವನ ಮಗನನ್ನೇ ಕೊಂದು ಅಡುಗೆ ಮಾಡಿಸಿ ಬಡಿಸುತ್ತಾನೆ. (ಇಲ್ಲಿ ಪುಸ್ತಕ ಮುಚ್ಚಿ ಒಂದು ಲೋಟ ಕಾಫಿ ಕುಡಿದೆ.) ಮುಂದೆ ಅದೇ ಹಾರ್ಪಗಸ್ ಸೈನ್ಯ ಸಮೇತ ಸೈರಸನ ಕಡೆ ಸೇರಿ ಕ್ರಿ.ಪೂ. 550ರ ಹೊತ್ತಿಗೆ ಅಜ್ಜ ಸೆರೆಯಾದ. ಆಗ ಮೊಮ್ಮಗ ಏನು ಮಾಡಿದ ಗೊತ್ತಾ? ತನ್ನನ್ನ ಕೊಲ್ಲಿಸೋಕೆ ಹೊರಟಿದ್ದ ಮುದುಕನಿಗೆ ಕೇಡು ಮಾಡದೆ, ಸಾಯೋ ತನಕ ತನ್ನ ಹತ್ತಿರವೇ ಇಟ್ಟುಕೊಂಡ. ಸೋತ ಲಿಡಿಯಾದ ಕ್ರೀಸಸನನ್ನೂ ಸಲಹೆ ಹೇಳೋಕೆ ಜೊತೆಗಿಟ್ಟುಕೊಂಡ ಅಂತ ಬರೆದಿದೆ. ಎಷ್ಟು ನಿಜವೋ ಏನೋ. ಶತ್ರುಗಳ ಜೊತೆ ಬಾಳೋದು ಅವನಿಗೆ ಬರುತ್ತಿತ್ತು ಅಂತ ಗ್ರೀಕರೇ ಒಪ್ಪಿದ್ದು ದೊಡ್ಡದು.

ಮನೆಯೊಳಗಿನದು ಬೇರೆ ಕಥೆ. ಹೆಂಡತಿ ಕಸ್ಸಂದಾನೆ ಅವನಿಗಿಂತ ಮೊದಲು ತೀರಿಕೊಂಡಳು. ತಾನೂ ಅತ್ತು, ರಾಜ್ಯವೆಲ್ಲ ಶೋಕ ಆಚರಿಸಲಿ ಅಂತ ಆಜ್ಞೆ ಮಾಡಿದ. ಗಂಡುಮಕ್ಕಳು ಇಬ್ಬರು: ದೊಡ್ಡವನು ಕ್ಯಾಂಬಿಸಿಸ್, ಚಿಕ್ಕವನು ಬರ್ದಿಯ. ಅಪ್ಪ ಸಾಯುವಾಗ ಇಬ್ಬರನ್ನೂ ಕೂರಿಸಿಕೊಂಡು, ಒಬ್ಬರನ್ನೊಬ್ಬರು ಬಿಡಬೇಡಿ ಅಂತ ಬುದ್ಧಿ ಹೇಳಿದ ಹಾಗೆ ಇನ್ನೊಬ್ಬ ಗ್ರೀಕ ಕ್ಸೆನೊಫನ್ ಚಿತ್ರಿಸಿದ್ದಾನೆ. ಹೆರೊಡೋಟಸನ ಪ್ರಕಾರ ಅವನು ಹಾಸಿಗೆ ಮೇಲೆ ಸತ್ತೇ ಇಲ್ಲ, ತೊಮಿರಿಸ್ ಅನ್ನೋ ರಾಣಿಯ ಮೇಲೆ ಯುದ್ಧಕ್ಕೆ ಹೋಗಿ ಸತ್ತ. ಹೇಗಾದರೂ ಇರಲಿ, ಕ್ರಿ.ಪೂ. 530ರಲ್ಲಿ ಅಪ್ಪ ಹೋದ. ಮಕ್ಕಳು ಕೂಡಲೇ ಕಿತ್ತಾಡಿಕೊಂಡರು ಅಂತ ಕ್ಸೆನೊಫನ್ನೇ ಮುಂದೆ ಬರೆಯುತ್ತಾನೆ. ಅಣ್ಣ ತಮ್ಮನನ್ನ ಗುಟ್ಟಾಗಿ ಕೊಲ್ಲಿಸಿದ ಅಂತ ಬೆಹಿಸ್ತೂನ್ ಬಂಡೆಯ ಮೇಲೆ, ಅವರ ನಂತರ ರಾಜನಾದ ದಾರಿಯಸ್ ಕೆತ್ತಿಸಿದ್ದಾನೆ. ಆ ಇಬ್ಬರಿಗೂ ತಾಯಿ ಒಬ್ಬಳೇ, ತಂದೆ ಒಬ್ಬನೇ ಅನ್ನೋದನ್ನ ಅಲ್ಲಿ ಬಿಡದೆ ಕಾಣಿಸಿದ್ದಾನೆ. ದಾರಿಯಸನ ಮಾತು ಪೂರ್ತಿ ನಂಬಬೇಡಿ, ಸಿಂಹಾಸನ ಸಿಕ್ಕಿದ್ದು ಅವನಿಗೇ ಅಂತ ಕೆಲವು ಚರಿತ್ರಕಾರರ ಗುಮಾನಿ. ಇರಬಹುದು. ಆದರೆ ಕ್ರಿ.ಪೂ. 522ರ ಹೊತ್ತಿಗೆ ಸೈರಸನ ಇಬ್ಬರು ಗಂಡುಮಕ್ಕಳೂ ಇಲ್ಲ ಅನ್ನೋದರಲ್ಲಿ ಯಾರಿಗೂ ಗುಮಾನಿ ಇಲ್ಲ.

ಉಳಿದ ಹೆಣ್ಣುಮಕ್ಕಳಲ್ಲಿ ಒಬ್ಬಳು ಅತೋಸಾ. ದಾರಿಯಸನನ್ನ ಮದುವೆಯಾಗಿ ಕ್ಸರ್ಕ್ಸಿಸನ ತಾಯಿಯಾದಳು. ಅವಳಿಗೆ ಎದೆಯಲ್ಲಿ ಗಂಟಾಗಿತ್ತಂತೆ. ಚಿಕ್ಕದಿದ್ದಾಗ ನಾಚಿಕೆಯಿಂದ ಯಾರಿಗೂ ಹೇಳದೆ ಮುಚ್ಚಿಟ್ಟು, ಒಡೆದು ಹರಡಿದ ಮೇಲೆ ದೆಮೊಸೀಡಿಸ್ ಅನ್ನೋ ಗ್ರೀಕ್ ವೈದ್ಯನನ್ನ ಕರೆಸಿದಳು. ಅವನು ವಾಸಿ ಮಾಡಿದ ಅಂತ ಹೆರೊಡೋಟಸ್ ಹೇಳುತ್ತಾನೆ. ನನ್ನ ಈ ವರ್ಷದ ಮ್ಯಾಮೊಗ್ರಾಂ ಆಯಿತು, ಏನೂ ಇಲ್ಲ ಅಂದರು. ನೀನೂ ಡಾಕ್ಟರ ಹತ್ತಿರ ಹೋಗಿ ಬಾ. ನಮ್ಮ ದೊಡ್ಡಮ್ಮನಿಗೆ ಆಗಿದ್ದು ನಿನಗೆ ಗೊತ್ತಲ್ಲ, ಅದನ್ನ ಅವರಿಗೆ ಹೇಳು, ನಾಚಿಕೊಳ್ಳಬೇಡ.

ಇನ್ನು ಅಪ್ಪಿಯ ವಿಷಯ. ಆಸ್ಟಿನ್‌ನಲ್ಲಿ ಕಂಪನಿ ಶುರು ಮಾಡ್ತೀನಿ ಅಂತ ನಿನ್ನ ಹತ್ತಿರ ದುಡ್ಡು ತಗೊಂಡ, ಕಂಪನಿ ಮುಚ್ಚಿತು, ದುಡ್ಡು ವಾಪಸು ಬರಲಿಲ್ಲ. ನಿನ್ನ ಕೋಪ ನ್ಯಾಯವಾದದ್ದೇ, ಬೆವರು ಸುರಿಸಿ ದುಡಿದದ್ದು ಅದು. ಅಪ್ಪ ತಾವು ತೀರಿಸಿಬಿಡ್ತೀನಿ ಅಂದರು, ನಾನು ಬಿಡಲಿಲ್ಲ. ಅದು ಅವನ ಸಾಲ, ಅವನೇ ತೀರಿಸಲಿ. ಈಗ ಕೆಲಸಕ್ಕೆ ಸೇರಿದ್ದಾನೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡ್ತಾನೆ, ತಗೋ. ಬೇಡ ಅಂದು ದೊಡ್ಡಸ್ತಿಕೆ ತೋರಿಸಬೇಡ, ಅದು ಅವನನ್ನ ಇನ್ನೂ ಚಿಕ್ಕವನನ್ನಾಗಿ ಮಾಡುತ್ತೆ. ಆದರೆ ಸಾಲ ತೀರೋವರೆಗೂ ಮಾತಾಡಲ್ಲ ಅನ್ನೋದು ಬೇಡ. ಯುಗಾದಿಗೆ ನೀನು ಬಂದರೆ ಅವನು ಬರಲ್ಲ, ಅವನು ಬಂದರೆ ನೀನು ಬರಲ್ಲ. ಅಪ್ಪ ಬಾಯಿ ಬಿಟ್ಟು ಏನೂ ಹೇಳಲ್ಲ, ಆದರೆ ಆವತ್ತು ಹೋಳಿಗೆ ಮುಟ್ಟಲಿಲ್ಲ.

ಡಲ್ಲಾಸಿನಿಂದ ಆಸ್ಟಿನ್‌ಗೆ 35ನೇ ಹೆದ್ದಾರಿಯಲ್ಲಿ ಮೂರು ಗಂಟೆಯ ದಾರಿ. ಅಷ್ಟು ದೂರ ಅವನ ಮನೆ ಬಾಗಿಲಿಗೇ ಹೋಗು ಅಂತ ನಾನು ಹೇಳ್ತಿಲ್ಲ. ವೇಕೋ ಇಬ್ಬರಿಗೂ ಹೆಚ್ಚುಕಮ್ಮಿ ಅರ್ಧ ದಾರಿ. ಒಂದು ಶನಿವಾರ ಅಲ್ಲಿ ಒಟ್ಟಿಗೆ ಊಟ ಮಾಡಿ. ಜಗಳ ಆಡೋದಿದ್ದರೆ ಎದುರಾಬದುರು ಕೂತು ಆಡಿ. ಅವನಿಗೆ ಮೊದಲು ಫೋನ್ ಮಾಡೋ ಧೈರ್ಯ ಇಲ್ಲ. ನೀನು ದೊಡ್ಡವಳು, ನೀನೇ ಮಾಡು.

ನಿನ್ನ
ಅಮ್ಮ