ವಿಮಾಪತ್ರದಲ್ಲಿ ಎಣಿಕೆಗೆ ಬಾರದವರು

ಕಲಾದಗಿ ಎಂಬುದು ಭೂವಿಜ್ಞಾನಿಗಳಿಗೆ ಊರಿನ ಹೆಸರಷ್ಟೇ ಅಲ್ಲ, ಒಂದು ಶಿಲಾಸಮೂಹದ ಹೆಸರೂ ಹೌದು. ಬಾಗಲಕೋಟೆಯ ಸುಣ್ಣಗಲ್ಲು, ಬಾದಾಮಿಯ ಮರಳುಗಲ್ಲು ಅದಕ್ಕೆ ಸೇರಿದವು. ಅವುಗಳಿಗಿಂತ ಹಳೆಯದಾದ ಇಳಕಲ್ಲಿನ ಕೆಂಪು ಗ್ರಾನೈಟ್ ದೂರದೂರದ ಕಟ್ಟಡಗಳನ್ನು ಸೇರಿದೆ. ಇಂಥ ಕಲ್ಲನ್ನು ಕೊಳ್ಳುವ ದೊಡ್ಡ ಸಂಸ್ಥೆಗಳು ಕರಾರಿಗೆ ಸಹಿ ಹಾಕುವ ಮುನ್ನ ಗಣಿಯ ಒಡೆಯನಿಂದ ಹೊಣೆಗಾರಿಕೆಯ ವಿಮಾಪತ್ರಗಳನ್ನು ಕೇಳುವುದುಂಟು. ಕೆಲಸಗಾರರಿಗೆ ಒದಗಬಹುದಾದ ಅಪಘಾತಕ್ಕೆ ಒಂದು, ದಾರಿಹೋಕರಿಗೂ ನೆರೆಹೊಲದವರಿಗೂ ಆಗಬಹುದಾದ ಹಾನಿಗೆ ಇನ್ನೊಂದು.

ಕೆಲವು ವ್ಯಾಪಾರಿಗಳಿಗೆ ಇದು ದಂಡದಂತೆ ತೋರುತ್ತದೆ. ಕೆಲಸಗಾರರ ವಿಮೆಯ ಪ್ರೀಮಿಯಂ ಕೂಲಿಯ ಮೊತ್ತವನ್ನು ಅನುಸರಿಸುವುದರಿಂದ, 40 ಆಳುಗಳು ದುಡಿಯುವಲ್ಲಿ 15 ಜನರ ಕೂಲಿಯನ್ನು ಮಾತ್ರ ತೋರಿಸುವ ಜಾಣತನ ಹುಟ್ಟುತ್ತದೆ. ಪತ್ರವೂ ದೊರೆಯಿತು, ಕರಾರೂ ಆಯಿತು, ಇದರಿಂದ ಯಾರಿಗೇನು ನಷ್ಟ ಎಂಬುದು ಅವರ ವಾದ.

ನಷ್ಟ ಯಾರಿಗೆಂಬುದನ್ನು ಲೆಕ್ಕವೇ ಹೇಳುತ್ತದೆ. 1923ರ ಪರಿಹಾರ ಕಾಯಿದೆಯಂತೆ, ಮೃತನ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಗುಣಕದಿಂದ ಗುಣಿಸಬೇಕಾಗಿತ್ತು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರಲ್ಲಿ 15,000 ರೂಪಾಯಿಗೆ ಏರಿತು. 30 ವರ್ಷದವನಿಗೆ ಗುಣಕ 207.98. ಅಂದರೆ ಆತನ ಕುಟುಂಬಕ್ಕೆ ಸಲ್ಲಬೇಕಾದದ್ದು 15,59,850 ರೂಪಾಯಿ. ಸತ್ತವನು ವಿಮೆಯ ಎಣಿಕೆಯ ಹೊರಗಿನವನಾದರೆ ಇಷ್ಟನ್ನೂ ಒಡೆಯನೇ ತೆರಬೇಕು. ಅವನ ಕೈ ಬರಿದಾಗಿದ್ದರೆ ವಿಧವೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ‘ಅವನು ಉಪಗುತ್ತಿಗೆದಾರನ ಆಳು, ನಮ್ಮವನಲ್ಲ’ ಎಂಬ ಮಾತೂ ನಿಲ್ಲದು. ಆ ಕಾಯಿದೆಯ 12ನೆಯ ಕಲಮು ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಒಡೆಯನನ್ನೇ ಹೊಣೆಯಾಗಿಸಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ಹೊಣೆ ಉಳಿದಿದೆ.

ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ; ಉದ್ಯೋಗೀ ಹಿಂಸೆಯನ್ನು ಯತ್ನಾಚಾರದಿಂದ ಆದಷ್ಟು ಕಡಿಮೆ ಮಾಡಿಕೊಳ್ಳಬೇಕೆಂಬುದು ಗೃಹಸ್ಥಧರ್ಮ. (ನೆಲವನ್ನು ಸಿಡಿಸುವ ವೃತ್ತಿಯನ್ನೇ ಖರಕರ್ಮವೆಂದು ವರ್ಜಿಸಿದ ಆಚಾರಗ್ರಂಥಗಳೂ ಉಂಟು, ಆ ಪ್ರಶ್ನೆ ದೊಡ್ಡದು, ಇಲ್ಲಿಗೆ ಸಲ್ಲದು.) ವಿಮೆ ಈ ಹಿಂಸೆಯನ್ನು ತೊಳೆಯುವುದಿಲ್ಲ. ಪ್ರೀಮಿಯಂ ಕಟ್ಟಿದ ಮಾತ್ರಕ್ಕೆ ಸಡಿಲವಾದ ಬಂಡೆ ಗಟ್ಟಿಯಾಗದು. ಆದರೆ ತಪ್ಪು ಎಣಿಕೆಯ ಪತ್ರಕ್ಕೆ ಸಹಿ ಹಾಕುವುದು ಅಹಿಂಸೆಯ ಜೊತೆಗೆ ಸತ್ಯಾಣುವ್ರತಕ್ಕೂ ಸಂಬಂಧಿಸಿದ ವಿಷಯ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಆ ವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಂದರೆ ಸುಳ್ಳು ಬರಹವನ್ನೂ, ಸೇರಿಸಿದೆ. ಕೊಂಡುಕೊಳ್ಳುವವನನ್ನು ಮೆಚ್ಚಿಸಲು ಬರೆದ ಆಳುಗಳ ಲೆಕ್ಕವೂ ಅದೇ ಜಾತಿಯದು.

ಈ ಮಾತು ವ್ಯಾಪಾರಿಗಳಿಗೆ ಮಾತ್ರ ಸಲ್ಲುವುದಲ್ಲ. ಬಸದಿಯ ಸಭಾಮಂಟಪಕ್ಕೆ ಕಲ್ಲು ಹಾಸಿಸುವ ಟ್ರಸ್ಟುಗಳೂ ಗುತ್ತಿಗೆ ಕೊಡುತ್ತವೆ. ಹುನಗುಂದದ ಸೀಮೆಯ ಐಹೊಳೆಯಲ್ಲಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಕಟ್ಟಿಸಿದ ಜಿನಾಲಯದ ಶಾಸನದಲ್ಲಿ ಅರಸನ ಹೆಸರಿದೆ, ಕವಿಯ ಹೆಸರಿದೆ. ಕಲ್ಲು ಹೊತ್ತವರ ಹೆಸರಿಲ್ಲ. ಇಂದು ಅವರ ಹೆಸರು ಬರೆಯಲು ಹಾಜರಿಪಟ್ಟಿ ಎಂಬುದೊಂದಿದೆ. ಟ್ರಸ್ಟಿನ ಕಾರ್ಯದರ್ಶಿಗಳು ಕೆಲಸದ ನಡುವೆ ಒಂದು ದಿನ ಆ ಪಟ್ಟಿಯನ್ನೂ ವಿಮಾಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಅರ್ಧ ಗಂಟೆಯ ಕೆಲಸವದು. ಉಳಿದ ಗುತ್ತಿಗೆದಾರರಿಗಿಂತ ಒಬ್ಬನ ದರ ತೀರ ಅಗ್ಗವಾದದ್ದು ಹೇಗೆಂಬುದೂ ಆಗಲೇ ತಿಳಿಯುವ ಸಂಭವವಿದೆ.