ವಂಶಾವಳಿಗೆ ಆಧಾರ

ವಂಶಾವಳಿಯನ್ನು ಬರೆದಿಡುವ ಉತ್ಸಾಹ ಈಚೆಗೆ ನಮ್ಮ ಮನೆತನಗಳಲ್ಲಿ ಹೆಚ್ಚಿದೆ. ಹಿರಿಯರ ಷಷ್ಟ್ಯಬ್ದಿಗೋ ಮನೆಯ ಮದುವೆಗೋ ಒಂದು ಕಿರುಹೊತ್ತಗೆ ಅಚ್ಚಾಗುತ್ತದೆ. ಅದರ ನಡುವಣ ಹಾಳೆಯಲ್ಲಿ ಕೊಂಬೆ ರೆಂಬೆಗಳೊಡನೆ ಒಂದು ವೃಕ್ಷ. ಸಂತೋಷದ ಸಂಗತಿಯೇ ಸರಿ. ಆದರೆ ಈ ಹೆಸರುಗಳು ಎಲ್ಲಿಂದ ಬಂದವೆಂದು ವಿಚಾರಿಸಿದರೆ ‘ಹಿರಿಯರು ಹೇಳಿದ್ದು’ ಎಂದೋ ‘ಅಂತರಜಾಲದಲ್ಲಿತ್ತು’ ಎಂದೋ ಉತ್ತರ ದೊರೆಯುತ್ತದೆ. ಈ ಎರಡು ಉತ್ತರಗಳ ನಡುವೆ ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ಕಣ್ಮರೆಯಾಗುವುದರಲ್ಲಿದ್ದಳು.

1898ರ ಪ್ಲೇಗು ಮಾರಿಯ ತರುವಾಯ ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ತೊರೆದು ಹೊಸ ಬಡಾವಣೆಯಾದ ಬಸವನಗುಡಿಗೆ ಬಂದು ನೆಲಸಿದವರಲ್ಲಿ ನಮ್ಮವರೂ ಸೇರಿದ್ದರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿ ಬಲವಾಗಿತ್ತು. ಹೀಗಾಗಿ ಮೂಲಪುರುಷರೆನಿಸಿದವರಿಗೂ ಅವರ ಮೊಮ್ಮಗನಿಗೂ, ಅಂದರೆ ನನ್ನ ತಾತನ ಅಣ್ಣನಿಗೂ, ಒಂದೇ ಹೆಸರು. ಪರದೇಶದಲ್ಲಿರುವ ಬಂಧುವೊಬ್ಬರು ಅಂತರಜಾಲದಲ್ಲಿ ಏರಿಸಿದ ವಂಶವೃಕ್ಷದಲ್ಲಿ ಇವರಿಬ್ಬರೂ ಒಬ್ಬರೇ ಆಗಿಬಿಟ್ಟರು. ಎರಡನೆಯವರ ಪತ್ನಿಯೂ ಅವರ ಏಕೈಕ ಪುತ್ರಿಯೂ ಆ ಮರದಿಂದ ಉದುರಿಹೋದರು. ಆಕೆಯ ಮಗನ ಮಗಳು ಮಲ್ಲೇಶ್ವರದಲ್ಲಿದ್ದಾಳೆ. ಒಂದು ಸಂಜೆ ದೂರವಾಣಿಯಲ್ಲಿ, “ಮಾವ, ಈ ಮರದಲ್ಲಿ ನಮ್ಮ ಮುತ್ತಜ್ಜಿ ಎಲ್ಲಿದ್ದಾರೆ?” ಎಂದು ಕೇಳಿದಳು. ಮುತ್ತಜ್ಜಿಯೆಂದು ಅವಳು ಕರೆದದ್ದು ನನ್ನ ತಾತನ ಅತ್ತಿಗೆಯನ್ನು. ಅಜ್ಜಿಯ ಹೆಸರೂ ಅಲ್ಲಿಲ್ಲವೆಂಬುದನ್ನು ಅವಳು ಇನ್ನೂ ಗಮನಿಸಿರಲಿಲ್ಲ. ಅಂತಹುದೇ ವೃಕ್ಷ ಇನ್ನೂ ಎರಡು ಜಾಲತಾಣಗಳಲ್ಲಿದ್ದುದರಿಂದ ಬಂಧುಗಳಿಗೆ ಅದರಲ್ಲಿ ನಂಬಿಕೆ ಬಲಿತಿತ್ತು. ಆದರೆ ಒಂದನ್ನು ನೋಡಿ ಬರೆದ ಮೂರು ಪ್ರತಿಗಳು ಮೂರು ಸಾಕ್ಷಿಗಳಾಗಲಾರವು.

ಮೊದಲು ನೆನಪಾದವರು ಹೆಳವರು. ಸುಗ್ಗಿಯ ತರುವಾಯ ಎತ್ತಿನೊಡನೆ ಊರಿಗೆ ಬಂದು, ಗಂಟೆ ಬಾರಿಸಿ, ಮನೆಯ ಬಾಗಿಲಲ್ಲಿ ನಿಂತು ತಲೆತಲಾಂತರದ ಹೆಸರುಗಳನ್ನು ಹೇಳಿ ಕಾಳುಕಡಿ ಪಡೆಯುವ ಈ ಜನ ಕರ್ನಾಟಕದ ಅನೇಕ ಒಕ್ಕಲು ಮನೆತನಗಳ ಜೀವಂತ ದಫ್ತರ. ನಾವು ಬೆಂಗಳೂರಿಗೆ ಬಂದಮೇಲೆ ನಮ್ಮ ಬಾಗಿಲಿಗೆ ಅವರು ಬರುವುದು ನಿಂತುಹೋಗಿತ್ತು. ತುಮಕೂರು ಸೀಮೆಯ ಮೂಲಗ್ರಾಮದಲ್ಲಿ ಎರಡು ದಿನ ಕಾದು ಅವರನ್ನು ಕಂಡೆ. ತಮ್ಮ ತಂದೆ ಹಳೆಯ ಕಡತದಿಂದ ನಕಲು ಮಾಡಿದ ಪುಸ್ತಕವನ್ನು ಬಿಚ್ಚಿ ಅವರು ರಾಗವಾಗಿ ಓದಿದರು. ಅಜ್ಜ ಬೇರೆ, ಮೊಮ್ಮಗ ಬೇರೆ. ನಡುವೆ ಒಂದು ತಲೆಮಾರು ಸ್ಪಷ್ಟವಾಗಿತ್ತು. ಆದರೆ ಮೊಮ್ಮಗನ ಮುಂದೆ ಏನೂ ಇರಲಿಲ್ಲ. “ಗಂಡುಮಕ್ಕಳನ್ನು ಬರೀತೀವಿ ಸ್ವಾಮಿ, ಹೆಣ್ಣುಮಕ್ಕಳು ಕೊಟ್ಟ ಮನೆಗೆ ಸೇರಿದೋರು” ಎಂದು ಅವರು ನಿರ್ವಿಕಾರವಾಗಿ ಹೇಳಿದರು.

ಇಂತಹ ಆಧಾರವನ್ನು ಉಲ್ಲೇಖಿಸುವುದು ಹೇಗೆ? ‘ಹೆಳವರ ಪ್ರಕಾರ’ ಎಂದರೆ ಸಾಲದು. ಹೇಳಿದವರು ಯಾರು, ಎಲ್ಲಿಯವರು, ಯಾವ ದಿನ, ಯಾರೆದುರು ಹೇಳಿದರು, ಬಾಯಿಪಾಠವೋ ಪುಸ್ತಕವೋ, ಪುಸ್ತಕವಾದರೆ ಅದು ಎಷ್ಟನೆಯ ನಕಲು ಎಂಬುದೆಲ್ಲ ಬೇಕು. ಹೆಸರನ್ನು ಅಚ್ಚುಮಾಡಲು ಅವರ ಒಪ್ಪಿಗೆಯೂ ಬೇಕು.

ಆ ಹೆಣ್ಣುಮಗಳು ದೊರೆತದ್ದು ಉಪನೋಂದಣಾಧಿಕಾರಿಗಳ ಕಚೇರಿಯ ಒಂದು ಕ್ರಯಪತ್ರದಲ್ಲಿ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತ ಶಾಸನವೊಂದು ಬಂದಿತ್ತು. 1938ರ ಈ ಪತ್ರದಲ್ಲಿ ಆಕೆ ‘ದಿವಂಗತ ಇಂಥವರ ಏಕಮಾತ್ರ ಪುತ್ರಿ’ ಎಂದು ಬರೆಯಿಸಿ, ಕನ್ನಡದಲ್ಲಿ ದುಂಡಗೆ ರುಜು ಹಾಕಿದ್ದಾರೆ; ತಾಯಿಯ ಹೆಸರೂ ಅಲ್ಲಿದೆ. ಕಚೇರಿಯ ಹೆಸರು, ವರ್ಷ, ಒಂದನೆಯ ಪುಸ್ತಕ, ಸಂಪುಟ, ಪುಟ, ದಸ್ತಾವೇಜಿನ ಸಂಖ್ಯೆ, ನಾನು ಕಂಡದ್ದು ದೃಢೀಕೃತ ನಕಲು ಎಂಬ ಮಾತು, ಇಷ್ಟನ್ನೂ ಬರೆದುಕೊಂಡೆ. ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಸಾಲದೇ ಎಂದು ಕೆಲವರು ಕೇಳಿದರು. ಅದು ಅರ್ಜಿದಾರರ ಹೇಳಿಕೆ ಮತ್ತು ಸ್ಥಳ ವಿಚಾರಣೆಯ ಮೇಲೆ ನಿಂತದ್ದು. ಇಂದಿನ ವಾರಸುದಾರರ ಉಪಯೋಗಕ್ಕೆ ಸರಿ, ನೂರು ವರ್ಷದ ಹಿಂದಿನದಕ್ಕೆ ಸಾಲದು.

ಹಳೆಯ ದಾಖಲೆಯಲ್ಲಿ ಇದ್ದುದನ್ನು ಇದ್ದಂತೆ ಬರೆದು, ನಮ್ಮ ವ್ಯಾಖ್ಯಾನವನ್ನು ಬೇರೆಯಾಗಿ ಇಡುವುದು ಕ್ಷೇಮ. ನಮ್ಮ ಮನೆಯ ಲೆಕ್ಕದ ಪುಸ್ತಕವೊಂದರ ರಟ್ಟಿನ ಮೇಲೆ ಒಂದು ಜನನದ ಕಾಲ ‘ಪ್ರಭವ ಸಂವತ್ಸರ’ ಎಂದಷ್ಟೇ ಇದೆ. ಅರವತ್ತು ವರ್ಷಕ್ಕೊಮ್ಮೆ ಮರಳುವ ಪ್ರಭವ 1867ರಲ್ಲಿಯೂ ಬಂದಿತ್ತು, 1927ರಲ್ಲಿಯೂ ಬಂದಿತ್ತು. ತಾತನ ಹೆಸರೇ ಮೊಮ್ಮಗನಿಗಿರುವ ಮನೆಯಲ್ಲಿ ಈ ಅರವತ್ತು ವರ್ಷ ಎಂತಹ ಅನರ್ಥ ಮಾಡಬಲ್ಲುದೆಂದು ವಾಚಕರೇ ಊಹಿಸಬಹುದು. ಬೀದಿಯ ಹೆಸರೂ ಹಾಗೆಯೇ. ಚಾಮರಾಜಪೇಟೆಯ ಆಲ್ಬರ್ಟ್ ವಿಕ್ಟರ್ ರಸ್ತೆ ಮುಂದೆ ಆಲೂರು ವೆಂಕಟರಾಯರ ಹೆಸರಿನದಾಯಿತು, ‘ಎ.ವಿ. ರಸ್ತೆ’ ಎಂಬ ಸಂಕ್ಷೇಪ ಮಾತ್ರ ಎರಡಕ್ಕೂ ಹೊಂದಿಕೊಂಡು ಕುಳಿತಿದೆ!

ಶಾಸನಗಳನ್ನು ಆಶ್ರಯಿಸುವವರಿಗೆ ಬೇರೊಂದು ತೊಡಕು. ಶ್ರವಣಬೆಳಗೊಳದ ಸಂಪುಟವನ್ನು ರೈಸ್ ಸಾಹೇಬರು 1889ರಲ್ಲಿ 144 ಶಾಸನಗಳೊಡನೆ ಹೊರತಂದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿ ಬಂದಿತು. ಸಂಖ್ಯೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ. ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನಷ್ಟೇ ಕೊಟ್ಟರೆ ಓದುಗ ಬೇರೊಂದು ಕಲ್ಲಿನ ಮುಂದೆ ನಿಲ್ಲುತ್ತಾನೆ. ಕಾಡು ಮಲ್ಲೇಶ್ವರ ದೇವಾಲಯವನ್ನು ಏಕೋಜಿ ಕಟ್ಟಿಸಿದನೆಂದು ಅಂತರಜಾಲದಲ್ಲಿ ಓದುತ್ತೇವೆ. ಅಲ್ಲಿಯ 1669ರ ಶಾಸನ ಹೇಳುವುದು ಮಲ್ಲಪುರದ ದೇವರಿಗೆ ಆತ ಮೇದರನಿಂಗನಹಳ್ಳಿಯನ್ನು ದತ್ತಿಬಿಟ್ಟ ಸಂಗತಿಯನ್ನು. ದತ್ತಿ ಬೇರೆ, ನಿರ್ಮಾಣ ಬೇರೆ.

ಅಂತರಜಾಲದ ಮೇಲೆ ನನಗೆ ದ್ವೇಷವಿಲ್ಲ. ಹಿಂದೆ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆದು ನೋಡುತ್ತಿದ್ದ ಪುಸ್ತಕಗಳ ಪುಟಚಿತ್ರಗಳು ಇಂದು ಮನೆಯಲ್ಲಿಯೇ ದೊರೆಯುತ್ತವೆ. ಆದರೆ ನೋಡಿದ್ದು ಪುಟದ ಚಿತ್ರವೋ, ಯಾರೋ ಬೆರಳಚ್ಚು ಮಾಡಿದ ಪಾಠವೋ ಎಂಬುದನ್ನು ಹೇಳಬೇಕು. ಏರಿಸಿದವರ ಹೆಸರು, ಜಾಲವಿಳಾಸ, ನೋಡಿದ ದಿನಾಂಕ ಇರಬೇಕು. ಪರದೆಯ ಮೇಲಿನ ಪುಟಸಂಖ್ಯೆಯೂ ಪುಸ್ತಕದ ಪುಟಸಂಖ್ಯೆಯೂ ಒಂದೇ ಅಲ್ಲ. ಇಂದಿದ್ದ ಪುಟ ನಾಳೆ ಇರಲಾರದಾದ್ದರಿಂದ ಇಂಟರ್ನೆಟ್ ಆರ್ಕೈವಿನಲ್ಲಿ ಅದರ ಪ್ರತಿಯೊಂದನ್ನು ಉಳಿಸಿ ಆ ವಿಳಾಸವನ್ನೂ ಕೊಡಬಹುದು. ಬದುಕಿರುವವರ ಜನ್ಮದಿನಾಂಕಗಳನ್ನು ಮಾತ್ರ ಹಾಗೆ ಬಯಲಿಗಿಡುವುದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಬಂಧುವಿನ ಟಿಪ್ಪಣಿಯಲ್ಲಿ ಶಾಸನವನ್ನು ಓದಿದವನು ಟಿಪ್ಪಣಿಯನ್ನು ಉಲ್ಲೇಖಿಸಬೇಕೇ ಹೊರತು ಶಾಸನವನ್ನಲ್ಲ.

ಕ್ರಯಪತ್ರದ ವಿವರವನ್ನು ಕಳುಹಿಸಿದೆನಾಗಿ ಪರದೇಶದ ಬಂಧು ಒಂದು ವಾರದಲ್ಲಿ ತಮ್ಮ ವೃಕ್ಷವನ್ನು ತಿದ್ದಿದರು. ಅಜ್ಜನೂ ಮೊಮ್ಮಗನೂ ಬೇರೆಯಾದರು. ಮೊಮ್ಮಗನ ಕೆಳಗೆ ಆ ಹೆಣ್ಣುಮಗಳು, ಪಕ್ಕದಲ್ಲಿ ಆಕೆಯ ತಾಯಿ. ತಾಯಿಯ ತವರೂರಿಗೆ ಆಧಾರ ಸಿಗದೆ ಆ ಸ್ಥಳವನ್ನು ಖಾಲಿ ಬಿಟ್ಟಿದ್ದೇವೆ. ಉಳಿದೆರಡು ಜಾಲತಾಣಗಳಲ್ಲಿ ಹಳೆಯ ವೃಕ್ಷವೇ ಇದೆ. ಅವುಗಳನ್ನು ನಡೆಸುವವರಿಗೆ ಮಲ್ಲೇಶ್ವರದ ಹುಡುಗಿ ದಸ್ತಾವೇಜಿನ ಸಂಖ್ಯೆಯೊಡನೆ ಪತ್ರ ಬರೆದಿದ್ದಾಳೆ.